ಉಸಿರು ಕಾದವರು | ಭಾಗ 4

ಕಾಣಿ, ನಿದ್ದೆ ಮಾತ್ರೆ ಮಿತಿಮೀರಿದ್ರೆ ಜೀವ ಹೋಗೋದು ಹೆಚ್ಚಾಗಿ ಉಸಿರು ನಿಂತು. 1940ರ ದಶಕದಲ್ಲಿ ಬಾರ್ಬಿಟುರೇಟ್ ನುಂಗಿದವರನ್ನ ಎಬ್ಬಿಸೋಕೆ ಡಾಕ್ಟರುಗಳು ಉತ್ತೇಜಕ ಇಂಜೆಕ್ಷನ್ ಚುಚ್ಚುತ್ತಿದ್ರು. ಕೆಲವರಿಗೆ ಅದರಿಂದಲೇ ಫಿಟ್ಸ್. ಹೆಚ್ಚುಕಡಿಮೆ ಐವರಲ್ಲಿ ಒಬ್ಬರು ಸಾಯ್ತಿದ್ರು.

1949ರಲ್ಲಿ ಕೋಪನ್‌ಹೇಗನ್ನಿನ ಡಾ. ಕಾರ್ಲ್ ಕ್ಲೆಮ್ಮೆಸೆನ್ ಆ ಇಂಜೆಕ್ಷನ್ನೇ ಬಿಟ್ಟರು. ಶ್ವಾಸದ ದಾರಿ ತೆರೆದಿಟ್ಟು, ಆಕ್ಸಿಜನ್ ಕೊಟ್ಟು, ಬಿಪಿ ನೋಡ್ತಾ, ಮಗ್ಗುಲು ಬದಲಿಸ್ತಾ ಕಾದರು. ಮಾತ್ರೆಯ ಅಮಲು ತಾನಾಗೇ ಇಳೀತು. ಸಾವು ನೂರಕ್ಕೆ ಒಂದೆರಡಕ್ಕೆ ಬಂತು. 1952ರ ಪೋಲಿಯೋ ಕಾಲದಲ್ಲಿ ಅದೇ ಊರಿನ ಮೆಡಿಕಲ್ ವಿದ್ಯಾರ್ಥಿಗಳು ಪಾಳಿಯಲ್ಲಿ ಕೂತು, ಕೈಯಲ್ಲೇ ಚೀಲ ಒತ್ತಿ ಉಸಿರು ಕೊಟ್ಟರು. ಇವತ್ತಿನ ಐಸಿಯುಗೆ ಅದೇ ಬುನಾದಿ.

ಕುಂದಾಪುರದಿಂದ ಮಣಿಪಾಲಕ್ಕೆ ಸುಮಾರು 40 ಕಿ.ಮೀ. ಅಲ್ಲಿವರೆಗೆ ಉಸಿರು ಉಳೀಬೇಕಲ್ದಾ? ಗೆಳೆಯ ಎಬ್ಬಿಸಿದ್ರೂ ಏಳದೆ ಗೊರಗೊರ ಅಂತಿದ್ರೆ "ಮಲಗ್ಲಿ ಬಿಡು" ಅನ್ಬೇಡಿ. 108ಕ್ಕೆ ಫೋನ್ ಮಾಡಿ. ಮಗ್ಗುಲಿಗೆ ತಿರುಗಿಸಿ. ಕಾಫಿ ಕುಡಿಸ್ಬೇಡಿ. ಉಸಿರು ನೋಡ್ತಾ ಪಕ್ಕದಲ್ಲೇ ಕೂತಿರಿ. ನಿಂತರೆ ಕೂಡಲೇ ಸಿಪಿಆರ್ ಶುರು ಮಾಡಿ.