ಎರಡನೇ ಜಿಮ್ ಸದಸ್ಯತ್ವ: ಲಾಭವೋ, ನಷ್ಟವೋ?

ಮನೆಯ ಬಳಿಯ ಜಿಮ್‌ಗೆ ಸದಸ್ಯರಾಗಿದ್ದೂ ಕಚೇರಿಯ ಸಮೀಪ ಇನ್ನೊಂದಕ್ಕೆ ಸೇರುವವರು ಗಮನಿಸಬೇಕಾದುದು ಹೆಚ್ಚುವರಿಯಾಗಿ ದೊರೆಯುವ ವ್ಯಾಯಾಮದ ದಿನಗಳನ್ನು. ಉದಾಹರಣೆಗೆ, 12,000 ರೂ. ತೆತ್ತು ವರ್ಷದಲ್ಲಿ 100 ದಿನ ಅಲ್ಲಿಗೆ ಹೋದರೂ, ಆ ಪೈಕಿ 80 ದಿನ ಹಳೆಯ ಜಿಮ್‌ನಲ್ಲೇ ಸಾಧ್ಯವಿದ್ದರೆ ಹೊಸದಾಗಿ ದಕ್ಕಿದ್ದು 20 ದಿನ ಮಾತ್ರ. ಆಗ ದಿನವೊಂದರ ವೆಚ್ಚ 120 ಅಲ್ಲ, 600 ರೂಪಾಯಿ.

ಹೋಗುವ ದಿನಗಳ ಅಂದಾಜು ಸಾಮಾನ್ಯವಾಗಿ ಉತ್ಸಾಹದ್ದೇ. ಅಮೆರಿಕದ ಜಿಮ್‌ಗಳ ಕುರಿತು 2006ರಲ್ಲಿ ಪ್ರಕಟವಾದ ಡೆಲ್ಲಾವಿನ್ಯಾ ಮತ್ತು ಮಾಲ್ಮೆಂಡಿಯರ್ ಅವರ ಅಧ್ಯಯನದಲ್ಲಿ, 10 ಡಾಲರ್ ದರದ ಪಾಸ್ ಲಭ್ಯವಿದ್ದರೂ ಮಾಸಿಕ ಸದಸ್ಯರು ಪ್ರತಿ ಭೇಟಿಗೆ 17 ಡಾಲರ್‌ಗಿಂತ ಹೆಚ್ಚು ತೆತ್ತಿದ್ದು ಕಂಡುಬಂದಿತ್ತು.

ಭಾರತದಲ್ಲಿ 2025ರ ಸೆಪ್ಟೆಂಬರ್ 22ರಿಂದ ಜಿಮ್ ಸೇವೆಯ ಜಿಎಸ್‌ಟಿ ಶೇ. 18ರಿಂದ 5ಕ್ಕೆ ಇಳಿದಿದೆ. ಆದರೂ ವರ್ಷದ ಶುಲ್ಕಕ್ಕೆ ಮುನ್ನ ಒಂದು ತಿಂಗಳಿಗಷ್ಟೇ ಹಣ ಕಟ್ಟಿ, ಹೋದ ದಿನಗಳನ್ನು ಕ್ಯಾಲೆಂಡರ್‌ನಲ್ಲಿ ಗುರುತಿಸಿಕೊಳ್ಳುವುದು ಲೇಸು.