ಚಾಸರನ ಹೆಂಗಸು ಮತ್ತು ನಮ್ಮ ಉಡುತಡಿ

ನಾನು ಬಿ.ಎ.ಗೆ ಐಚ್ಛಿಕ ಇಂಗ್ಲಿಷ್ ತೆಗೆದುಕೊಂಡದ್ದು 1988ರಲ್ಲಿ. ಆಗ ನಮ್ಮ ನ್ಯಾಮತಿ ಹೊನ್ನಾಳಿ ತಾಲ್ಲೂಕಿನಲ್ಲಿತ್ತು, ಜಿಲ್ಲೆ ಶಿವಮೊಗ್ಗ. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ನಾವು ಅತ್ತ ಸೇರಿದೆವು. ಈಗ ನ್ಯಾಮತಿಯೇ ಒಂದು ತಾಲ್ಲೂಕು. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಸವಳಂಗದ ಮೇಲೆ ಹೋಗುವ ಬಸ್ಸು ಹಿಡಿದು ಶಿವಮೊಗ್ಗ ಸೇರುತ್ತಿದ್ದೆ. “ರೊಟ್ಟಿ ಬಡಿಯೋಕೆ ಇಂಗ್ಲಿಷ್ ಯಾಕೆ ಬೇಕೇ ನಿಂಗೆ?” ಎಂದು ಅಜ್ಜಿ ಕೇಳುತ್ತಿದ್ದಳು. ಉತ್ತರ ನನಗೂ ಗೊತ್ತಿರಲಿಲ್ಲ.

ಮೊದಲ ವರ್ಷ ಸಾಹಿತ್ಯ ಚರಿತ್ರೆ. ಚಾಸರನಿಂದ ಹಿಡಿದು ಡಾಕ್ಟರ್ ಜಾನ್ಸನ್‌ವರೆಗೆ ನಾನೂರು ವರ್ಷ. ಚಾಸರ್ ತೀರಿಕೊಂಡದ್ದು 1400, ಮಿಲ್ಟನ್ನನ ‘ಪ್ಯಾರಡೈಸ್ ಲಾಸ್ಟ್’ 1667, ಜಾನ್ಸನ್ನನ ನಿಘಂಟು 1755. ಇಸವಿಗಳನ್ನು ಮಗ್ಗಿಯಂತೆ ಉರು ಹೊಡೆದೆವು. ಮೂಲ ಓದಿದವರು ಕಡಿಮೆ, ಗೈಡು ಓದಿದವರೇ ಹೆಚ್ಚು. ನಾನೂ ಅವರಲ್ಲೊಬ್ಬಳು.

ಚಾಸರನ ‘ಕ್ಯಾಂಟರ್‌ಬರಿ ಕಥೆಗಳು’ ಮಾತ್ರ ಸ್ವಲ್ಪ ಹತ್ತಿರವೆನಿಸಿತ್ತು. ನಮ್ಮವರು ತೀರ್ಥರಾಮೇಶ್ವರಕ್ಕೆ ಗುಂಪು ಕಟ್ಟಿಕೊಂಡು ಹೊರಡುವುದಿಲ್ಲವೇ, ಹಾಗೆಯೇ ಇಪ್ಪತ್ತೊಂಬತ್ತು ಜನ ಯಾತ್ರಿಕರು ಹೊರಟಿದ್ದಾರೆ. ದಾರಿ ಸವೆಯಲೆಂದು ಕಥೆ ಹೇಳುತ್ತಾರೆ. ಅಷ್ಟು ಜನರಲ್ಲಿ ಹೆಂಗಸರು ಮೂವರೇ, ಅವರಲ್ಲಿ ಇಬ್ಬರು ಸನ್ಯಾಸಿನಿಯರು. ಮೂರನೆಯವಳು ಬಾತ್ ಎಂಬ ಊರಿನ ಕಡೆಯವಳು, ಬಟ್ಟೆ ನೇಯುವವಳು, ಐದು ಮದುವೆಯಾದವಳು. ಅವಳ ಸರದಿ ಬಂದಾಗ ನಮ್ಮ ಮೇಷ್ಟ್ರು ಹುಡುಗಿಯರ ಬೆಂಚಿನತ್ತ ಒಮ್ಮೆ ನೋಡಿ, “ಇದು ಪರೀಕ್ಷೆಗೆ ಬರೋದಿಲ್ಲ” ಎಂದು ಪುಟ ತಿರುವಿಬಿಟ್ಟರು. ಅವರು ಒಳ್ಳೆಯವರು. ಸಂಕೋಚದ ಕಾಲ ಅದು. ಹುಡುಗರು ನಕ್ಕರು, ನಾವು ತಲೆ ತಗ್ಗಿಸಿದೆವು, ಯಾಕೆ ಎಂದು ತಿಳಿಯದೆಯೇ.

ಇಷ್ಟಕ್ಕೂ ಆ ಯಾತ್ರಿಕರು ನ್ಯಾಮತಿಯ ಹುಡುಗಿಯ ಚೀಲಕ್ಕೆ ಬಂದದ್ದಾದರೂ ಹೇಗೆ? 1835ರಲ್ಲಿ ಮೆಕಾಲೆಯ ಮಾತಿನಂತೆ ಕಂಪನಿ ಸರ್ಕಾರ ಇಂಗ್ಲಿಷ್ ವಿದ್ಯೆಗೆ ಹಣ ಕೊಡುವ ತೀರ್ಮಾನ ಮಾಡಿತು. ತಮಾಷೆಯೆಂದರೆ, ಆಕ್ಸ್‌ಫರ್ಡಿನಲ್ಲಿ ಇಂಗ್ಲಿಷ್ ಸಾಹಿತ್ಯ ಒಂದು ಪದವಿಯ ವಿಷಯವಾದದ್ದು 1894ರಲ್ಲಿ. ಅಷ್ಟರಲ್ಲಿ ನಮ್ಮ ದೇಶದ ಹುಡುಗರು ದಶಕಗಳಿಂದ ಶೇಕ್ಸ್‌ಪಿಯರ್, ಮಿಲ್ಟನ್ ಬಾಯಿಪಾಠ ಮಾಡಿ ಗುಮಾಸ್ತರೂ ಅಮಲ್ದಾರರೂ ಆಗುತ್ತಿದ್ದರು. ಅಲ್ಲಿನ ದೊಡ್ಡ ವಿದ್ವಾಂಸರಿಗೆ ಗ್ರೀಕ್, ಲ್ಯಾಟಿನ್ ಇದ್ದರೆ ಸಾಕಾಗಿತ್ತು. ತಮ್ಮ ಮನೆಮಾತು ಕಲಿಯುವ ವಿಷಯವೇ ಅಲ್ಲ ಎಂಬ ಭಾವನೆ ಅವರಿಗೂ ಇತ್ತು.

ಇದು ತಿಳಿದಾಗ ನನಗೆ ಏನೋ ಸಮಾಧಾನ. ಚಾಸರನ ಕಾಲದಲ್ಲಂತೂ ಅಲ್ಲಿ ದೊರೆಗಳದು ಫ್ರೆಂಚು, ಪಾದ್ರಿಗಳದು ಲ್ಯಾಟಿನ್ನು. ಕೋರ್ಟಿನಲ್ಲಿ ಇಂಗ್ಲಿಷಿನಲ್ಲಿ ವಾದ ಮಾಡಬೇಕೆಂದು ಕಾನೂನು ಬಂದದ್ದೇ 1362ರಲ್ಲಿ. ಅಂಥ ಹೊತ್ತಿನಲ್ಲಿ ಚಾಸರ್ ಜನರ ಮಾತಿನಲ್ಲಿ ಬರೆದ. ನಮ್ಮ ಬಿ.ಎಂ. ಶ್ರೀಕಂಠಯ್ಯನವರು 1911ರಲ್ಲಿ ಧಾರವಾಡಕ್ಕೆ ಹೋಗಿ ಕನ್ನಡ ಮಾತು ತಲೆಯೆತ್ತುವ ಬಗೆಯನ್ನು ಕುರಿತು ಮಾತಾಡಿದಾಗ ಇಂಗ್ಲಿಷಿನ ಈ ಹಳೆಯ ಪಾಡು ಅವರ ಮನಸ್ಸಿನಲ್ಲಿ ಇದ್ದಿರಬೇಕು ಎಂದು ನನ್ನ ಊಹೆ. ಅವರು ಇಂಗ್ಲಿಷ್ ಮೇಷ್ಟ್ರೇ. ಆ ಪಾಠದಿಂದಲೇ ‘ಇಂಗ್ಲಿಷ್ ಗೀತಗಳು’ ಹುಟ್ಟಿತು, ಕನ್ನಡ ಕವಿತೆಯ ದಾರಿಯೇ ಬದಲಾಯಿತು. ಕುವೆಂಪು ಹ್ಯಾಮ್ಲೆಟ್ಟನ್ನು ನಮ್ಮ ಪಕ್ಕದ ಬಿದನೂರಿಗೆ ಕರೆತಂದು ‘ರಕ್ತಾಕ್ಷಿ’ ಬರೆದರು. ಅಲ್ಲಿನ ಒಫೀಲಿಯಾ ಹುಚ್ಚಿಯಾಗಿ ನೀರು ಪಾಲಾಗುತ್ತಾಳೆ. ನಮ್ಮ ರುದ್ರಾಂಬೆ ರಕ್ತಾಕ್ಷಿಯಾಗಿ ಸೇಡು ತೀರಿಸಿಕೊಳ್ಳುತ್ತಾಳೆ. ಮಲೆನಾಡಿನ ನೀರು ಕುಡಿದವಳಲ್ಲವೇ!

ಎಂ.ಎ. ಮಾಡಬೇಕೆಂಬ ಆಸೆ ಆಸೆಯಾಗಿಯೇ ಉಳಿಯಿತು. ಬಿ.ಎಡ್. ಮಾಡಿ ಹೈಸ್ಕೂಲು ಸೇರಿದೆ. ಎಷ್ಟೋ ವರ್ಷದ ಮೇಲೆ ಹಳೆ ಪುಸ್ತಕದಂಗಡಿಯಲ್ಲಿ ಈಗಿನ ಇಂಗ್ಲಿಷಿಗೆ ತಂದ ಚಾಸರ್ ಸಿಕ್ಕಿತು. ಮೇಷ್ಟ್ರು ಬಿಟ್ಟ ಪುಟವನ್ನೇ ಮೊದಲು ತೆಗೆದೆ. ಬಾತ್‌ನವಳ ಐದನೆಯ ಗಂಡ ಆಕ್ಸ್‌ಫರ್ಡಿನಲ್ಲಿ ಓದಿದವನು. ಅವನ ಹತ್ತಿರ ಒಂದು ದಪ್ಪ ಪುಸ್ತಕ, ತುಂಬ ಕೆಟ್ಟ ಹೆಂಡತಿಯರ ಕಥೆಗಳು. ದಿನಾ ರಾತ್ರಿ ಅವಳ ಎದುರು ಅದನ್ನೇ ಓದುತ್ತಾನೆ. ಒಂದು ರಾತ್ರಿ ತಡೆಯಲಾರದೆ ಮೂರು ಹಾಳೆ ಹರಿದು ಅವನ ಕೆನ್ನೆಗೆ ಬಾರಿಸುತ್ತಾಳೆ. ಅವನು ಅವಳ ತಲೆಗೆ ಹೊಡೆದ ಏಟಿಗೆ ಅವಳ ಒಂದು ಕಿವಿ ಕೆಪ್ಪಾಗುತ್ತದೆ. ಹಾಳೆ ಹರಿಯುವುದಕ್ಕೆ ಮೊದಲೇ ಅವಳು ಕೇಳಿದ ಪ್ರಶ್ನೆಯೊಂದಿದೆ: ಸಿಂಹದ ಚಿತ್ರ ಬರೆದವರು ಯಾರು? ಮನುಷ್ಯ ಸಿಂಹವನ್ನು ಕೊಂದ ಚಿತ್ರವನ್ನು ಬರೆದವನು ಮನುಷ್ಯನೇ. ಸಿಂಹ ಬರೆದಿದ್ದರೆ ಚಿತ್ರ ಬೇರೆಯೇ ಇರುತ್ತಿತ್ತು. ಹೆಂಗಸರು ಕಥೆ ಬರೆದಿದ್ದರೆ ಗಂಡಸರ ಗತಿಯೂ ಅಷ್ಟೇ ಎನ್ನುವುದು ಅವಳ ಮಾತಿನ ಸಾರ. ನಾನು ಪುಸ್ತಕ ಮುಚ್ಚಿ ಕುಳಿತುಬಿಟ್ಟೆ. ಆದರೆ ಅವಳ ಬಾಯಲ್ಲಿ ಇದನ್ನು ಆಡಿಸಿದವನೂ ಒಬ್ಬ ಗಂಡಸೇ, ಅದನ್ನೂ ಮರೆಯುವಂತಿಲ್ಲ.

ಹಾಗಾದರೆ ಹೆಂಗಸರು ಬರೆಯಲೇ ಇಲ್ಲವೇ? ಬರೆದಿದ್ದರು. ನಾರ್ವಿಚ್ಚಿನ ಜೂಲಿಯನ್ ಎಂಬಾಕೆ ಗುಡಿಯ ಪಕ್ಕದ ಕೋಣೆಯಲ್ಲಿ ತನ್ನನ್ನು ತಾನೇ ಕೂಡಿಹಾಕಿಕೊಂಡು, 1373ರಲ್ಲಿ ತನಗಾದ ದರ್ಶನಗಳನ್ನು ಬರೆದಳು. ಹೆಂಗಸು ಇಂಗ್ಲಿಷಿನಲ್ಲಿ ಬರೆದಳೆಂದು ಗೊತ್ತಿರುವ ಪುಸ್ತಕಗಳಲ್ಲಿ ಅದೇ ಮೊದಲನೆಯದು. ಮಾರ್ಜರಿ ಕೆಂಪ್ ಎಂಬ ಇನ್ನೊಬ್ಬಾಕೆ ಹದಿನಾಲ್ಕು ಮಕ್ಕಳ ತಾಯಿ. ಯಾತ್ರೆ ಮಾಡಿ, ಜನರ ಬೈಗುಳ ತಿಂದು, ಕೊನೆಗೆ ತನ್ನ ಬಾಳನ್ನು ಬೇರೆಯವರ ಕೈಯಲ್ಲಿ ಬರೆಸಿದಳು. ಆ ಹಸ್ತಪ್ರತಿ 1934ರವರೆಗೆ ಒಂದು ಮನೆಯ ಬೀರುವಿನಲ್ಲಿ ಬಿದ್ದಿತ್ತು. ಪಿಂಗ್‌ಪಾಂಗ್ ಆಡುವವರು ಚೆಂಡು ಹುಡುಕುವಾಗ ಸಿಕ್ಕಿತೆಂದು ಹೇಳುತ್ತಾರೆ. ನನ್ನ ಗೈಡಿನಲ್ಲಿ ಇವರಿಬ್ಬರ ಹೆಸರೂ ಇರಲಿಲ್ಲ.

ಇದನ್ನೆಲ್ಲ ಓದುತ್ತಿದ್ದಾಗಲೇ ಒಮ್ಮೆ ಶಾಲೆಯ ಮಕ್ಕಳ ಜೊತೆ ಶಿಕಾರಿಪುರ ತಾಲ್ಲೂಕಿನ ಉಡುತಡಿಗೆ ಹೋಗಿದ್ದೆವು, ಅಕ್ಕಮಹಾದೇವಿಯ ಊರು. ನಮ್ಮ ಪಕ್ಕದ ತಾಲ್ಲೂಕು, ಆದರೂ ಅದೇ ಮೊದಲ ಸಲ ನಾನು ಕಂಡದ್ದು. ಜೂಲಿಯನ್‌ಳಿಗಿಂತ ಇನ್ನೂರು ವರ್ಷ ಮೊದಲೇ, ಗೋಡೆಯೊಳಗೆ ಕೂರದೆ ಅರಮನೆಯನ್ನೂ ಉಟ್ಟದ್ದನ್ನೂ ಬಿಟ್ಟು ಕಲ್ಯಾಣಕ್ಕೆ ನಡೆದವಳು ಇಲ್ಲಿಯವಳು. ನಾನು ಬಸ್ಸು ಹಿಡಿದು ಲಂಡನ್ನಿನ ಕಡೆಯವರನ್ನು ಕಲಿಯಲು ಹೋಗಿದ್ದೆ. ಕಲಿತದ್ದು ತಪ್ಪಲ್ಲ. ಆದರೆ ಎರಡೂ ಇಸವಿಗಳನ್ನು ಒಂದೇ ಹಲಗೆಯ ಮೇಲೆ ಯಾರೂ ಬರೆದು ತೋರಿಸಿರಲಿಲ್ಲ.

ಹಾಗೆ ಬರೆಯುತ್ತ ಹೋದರೆ ವಿಚಿತ್ರ ಜೋಡಿಗಳು ಸಿಗುತ್ತವೆ. ನಮ್ಮ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆ ಸಂಚಿ ಹಿಡಿಯುತ್ತಿದ್ದ ಹೊನ್ನಮ್ಮ ‘ಹದಿಬದೆಯ ಧರ್ಮ’ ಬರೆದ ಕಾಲವೂ, ಅಫ್ರಾ ಬೆನ್ ಲಂಡನ್ನಿನಲ್ಲಿ ನಾಟಕ ಬರೆದು ಹೊಟ್ಟೆ ಹೊರೆದ ಕಾಲವೂ ಹೆಚ್ಚುಕಡಿಮೆ ಒಂದೇ. ಅಫ್ರಾ 1689ರಲ್ಲಿ ತೀರಿಕೊಂಡಳು. ದೊರೆಗಾಗಿ ಗೂಢಚಾರಿಕೆಯನ್ನೂ ಮಾಡಿದ್ದ ಗಟ್ಟಿಗಿತ್ತಿ. ಹೊನ್ನಮ್ಮ ಹೇಳಿದ್ದು ಪತಿವ್ರತಾ ಧರ್ಮವನ್ನು. ಆದರೂ ಹೆಣ್ಣನ್ನು ಹೀನವಾಗಿ ಕಾಣುವವರನ್ನು, ನಿಮ್ಮನ್ನು ಹೆತ್ತವಳು ಯಾರು ಎಂದು ನಡುವೆ ನಿಲ್ಲಿಸಿ ಕೇಳುತ್ತಾಳೆ. ಎಲ್ಲ ಒಪ್ಪಿಕೊಂಡೇ ಒಂದು ಮಾತು ಚುಚ್ಚುವ ಈ ಜಾಣತನ ನಮ್ಮ ಅತ್ತೆಮ್ಮಂದಿರಲ್ಲಿ ನಾನು ಬೇಕಾದಷ್ಟು ಕಂಡಿದ್ದೇನೆ.

ಹದಿನೆಂಟನೆಯ ಶತಮಾನದ ಫ್ಯಾನಿ ಬರ್ನಿಯದು ಮಾತ್ರ ನನ್ನದೇ ಕಥೆಯಂತಿದೆ. ಹೆಣ್ಣುಮಕ್ಕಳು ಬರೆಯುವುದು ಸರಿಯಲ್ಲವೆಂದು ಹೆದರಿ ಹದಿನೈದನೆಯ ಹುಟ್ಟುಹಬ್ಬದಂದು ತಾನು ಬರೆದದ್ದನ್ನೆಲ್ಲ ಅವಳು ಬೆಂಕಿಗೆ ಹಾಕಿದಳಂತೆ. ಮದುವೆ ನಿಶ್ಚಯವಾದ ವಾರ ನಾನು ಕವಿತೆ ಬರೆದಿದ್ದ ಎರಡು ನೋಟ್‌ಬುಕ್ಕನ್ನು ಬಚ್ಚಲ ಹಂಡೆಯ ಒಲೆಗೆ ಹಾಕಿದ್ದೆ. ಯಾರೂ ಹೇಳಿರಲಿಲ್ಲ, ನಾನೇ ಹಾಕಿದೆ. ಫ್ಯಾನಿ ಮತ್ತೆ ಬರೆದಳು, 1778ರಲ್ಲಿ ಹೆಸರಿಲ್ಲದೆ ‘ಎವೆಲಿನಾ’ ಅಚ್ಚಾಯಿತು, ಊರೆಲ್ಲ ಓದಿತು. ನಾನು ಮತ್ತೆ ಬರೆಯುವುದಕ್ಕೆ ಇಪ್ಪತ್ತೈದು ವರ್ಷ ಬೇಕಾಯಿತು, ಅದೂ ಇಂಥ ಪ್ರಬಂಧ.

ಕಾಲೇಜಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಗೆಳತಿಯನ್ನು ಎರಡನೆಯ ವರ್ಷದಲ್ಲೇ ಬಿಡಿಸಿ ಮದುವೆ ಮಾಡಿದ್ದರು. ಹೋದ ಬೇಸಿಗೆಯಲ್ಲಿ ಮನೆಗೆ ಬಂದಿದ್ದಳು. ಅಂಗಳದಲ್ಲಿ ಹಪ್ಪಳ ಹರವುತ್ತ, ಮೇಷ್ಟ್ರು ಅಂದು ಬಿಟ್ಟ ಆ ಹೆಂಗಸಿನ ಕಥೆಯನ್ನು ಅವಳಿಗೆ ಮೊದಲಿನಿಂದ ಹೇಳಿದೆ. ಐದು ಗಂಡಂದಿರಿಗೆ ನಕ್ಕಳು, ಹಾಳೆ ಹರಿದದ್ದಕ್ಕೆ ಇನ್ನೂ ಜೋರಾಗಿ ನಕ್ಕಳು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು:

“ಅಲ್ಲ ಕಣೇ, ಅವಳ ಕಿವಿ ಆಮೇಲೆ ಸರಿಹೋಯ್ತಾ?”

“ಇಲ್ಲ” ಎಂದೆ.