ಸೌರ ವಿದ್ಯುತ್ ವ್ಯವಸ್ಥೆಗೆ ಪೂರಕ ಜನರೇಟರ್: ಸಾಮರ್ಥ್ಯ ನಿರ್ಧರಿಸುವ ಕ್ರಮ

ಪೀಠಿಕೆ

ವಿದ್ಯುತ್ ಜಾಲದ ಸಂಪರ್ಕವಿಲ್ಲದ ಮನೆಗಳು ಸೌರ ಫಲಕ ಮತ್ತು ಬ್ಯಾಟರಿಗಳನ್ನೇ ಅವಲಂಬಿಸಿರುತ್ತವೆ. ಮಲೆನಾಡು ಹಾಗೂ ಕೊಡಗಿನಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ದಟ್ಟ ಮೋಡ ಕವಿದು ಫಲಕಗಳ ಉತ್ಪಾದನೆ ಬಹಳ ಕುಗ್ಗುತ್ತದೆ. ಸೀಸ-ಆಮ್ಲ ಬ್ಯಾಟರಿಯು ವಾರಗಟ್ಟಲೆ ಅರ್ಧ ಚಾರ್ಜಿನಲ್ಲಿಯೇ ಉಳಿದರೆ ಅದರ ತಟ್ಟೆಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಬ್ಯಾಟರಿ ಶಾಶ್ವತವಾಗಿ ದುರ್ಬಲಗೊಳ್ಳುತ್ತದೆ. ಆದುದರಿಂದ ಪೂರಕ ಜನರೇಟರ್ ಅವಶ್ಯಕ. ಇದರ ಸಾಮರ್ಥ್ಯವನ್ನು ಸೌರ ಫಲಕಗಳ ವ್ಯಾಟ್ ಪ್ರಮಾಣದ ಮೇಲೆ ನಿರ್ಧರಿಸಬಾರದು. ಬ್ಯಾಟರಿ ಚಾರ್ಜರ್, ಮನೆಯ ಬಳಕೆ ಮತ್ತು ಮೋಟಾರಿನ ಆರಂಭಿಕ ಸೆಳೆತಗಳ ಆಧಾರದ ಮೇಲೆ ನಿರ್ಧರಿಸತಕ್ಕದ್ದು.

ಲೆಕ್ಕ ಮಾಡುವ ವಿಧಾನ (ಉದಾಹರಣೆ)

48 ವೋಲ್ಟ್, 200 ಆಂಪಿಯರ್-ಅವರ್ ಸಾಮರ್ಥ್ಯದ ಸೀಸ-ಆಮ್ಲ ಬ್ಯಾಟರಿಗಳಿರುವ ಮನೆಯೊಂದನ್ನು ಪರಿಗಣಿಸಬಹುದು. ಪವರ್ ಫ್ಯಾಕ್ಟರ್ 0.8 ಎಂದು ಇಟ್ಟುಕೊಳ್ಳಲಾಗಿದೆ.

1. ಚಾರ್ಜರ್: ಬ್ಯಾಟರಿ ಸಾಮರ್ಥ್ಯದ ಶೇ. 10ರಷ್ಟು, ಅಂದರೆ 20 ಆಂಪಿಯರ್ ಚಾರ್ಜಿಂಗ್ ಸೂಕ್ತ. 56 ವೋಲ್ಟ್‌ನಲ್ಲಿ ಇದು 1,120 ವ್ಯಾಟ್. ಚಾರ್ಜರಿನ ದಕ್ಷತೆ ಶೇ. 85 ಆದಲ್ಲಿ ಸುಮಾರು 1,320 ವ್ಯಾಟ್, ಅಂದರೆ 1,650 ವಿ.ಎ. ಬೇಕಾಗುತ್ತದೆ.

2. ದೀಪ, ಫ್ಯಾನ್, ಫ್ರಿಜ್ ಇತ್ಯಾದಿ: 800 ವ್ಯಾಟ್, ಅಂದರೆ 1,000 ವಿ.ಎ.

3. ಅರ್ಧ ಅಶ್ವಶಕ್ತಿಯ ನೀರಿನ ಪಂಪ್: 600 ವ್ಯಾಟ್, ಅಂದರೆ 750 ವಿ.ಎ.

ಒಟ್ಟು 3,400 ವಿ.ಎ. ಇದಕ್ಕೆ ಶೇ. 25 ಹೆಚ್ಚುವರಿ ಸೇರಿಸಿದರೆ 4,250 ವಿ.ಎ. ಆಗುತ್ತದೆ. ಆದ್ದರಿಂದ 5 ಕೆ.ವಿ.ಎ. ಜನರೇಟರ್ ಸೂಕ್ತ.

ಪಂಪಿನ ಆರಂಭ

ಮೋಟಾರು ಚಾಲನೆಗೊಳ್ಳುವ ಕ್ಷಣದಲ್ಲಿ ಸಾಮಾನ್ಯ ಪ್ರಮಾಣದ ಹಲವು ಪಟ್ಟು ವಿದ್ಯುತ್ ಸೆಳೆಯುತ್ತದೆ. ಐದು ಪಟ್ಟು ಎಂದು ಎಣಿಸಿದರೆ ಮೇಲಿನ ಪಂಪಿಗೆ 3,750 ವಿ.ಎ. ಬೇಕು. ಮನೆಯ ಬಳಕೆ ಸೇರಿ 4,750 ವಿ.ಎ. ಆಗುವುದರಿಂದ 5 ಕೆ.ವಿ.ಎ. ಯಂತ್ರವು ತಾಳಿಕೊಳ್ಳುತ್ತದೆ. ಚಾರ್ಜರ್ ಸಹ ಚಾಲನೆಯಲ್ಲಿದ್ದರೆ 6,400 ವಿ.ಎ. ಆಗಿ ಮಿತಿ ಮೀರುತ್ತದೆ. ಆದಕಾರಣ ಮೊದಲು ಪಂಪ್ ಆರಂಭಿಸಿ, ಅನಂತರ ಚಾರ್ಜರ್ ಹಾಕತಕ್ಕದ್ದು.

ಅತಿ ದೊಡ್ಡ ಯಂತ್ರದ ತೊಂದರೆ

ಡೀಸೆಲ್ ಜನರೇಟರನ್ನು ಶೇ. 30ಕ್ಕಿಂತ ಕಡಿಮೆ ಹೊರೆಯಲ್ಲಿ ದೀರ್ಘಕಾಲ ನಡೆಸಿದರೆ ಇಂಧನ ಪೂರ್ಣ ಉರಿಯದೆ ಮಸಿ ಕಟ್ಟುತ್ತದೆ. ಪಂಪ್ ಇಲ್ಲದಾಗ ಮೇಲಿನ ಮನೆಯ ಹೊರೆ 2,120 ವ್ಯಾಟ್. 5 ಕೆ.ವಿ.ಎ. ಯಂತ್ರಕ್ಕೆ ಇದು ಶೇ. 53, 15 ಕೆ.ವಿ.ಎ. ಯಂತ್ರಕ್ಕೆ ಶೇ. 18 ಮಾತ್ರ.

ಗಮನಿಸಬೇಕಾದ ಅಂಶಗಳು

* ಎತ್ತರದ ಪ್ರದೇಶಗಳಲ್ಲಿ ಗಾಳಿ ತೆಳುವಾಗಿ ಎಂಜಿನ್ ಶಕ್ತಿ ಕುಗ್ಗುತ್ತದೆ. 1,000 ಮೀಟರ್ ಎತ್ತರದಲ್ಲಿ ಸುಮಾರು ಶೇ. 10 ಕಡಿತವೆಂದು ಎಣಿಸಿ, ಅವಶ್ಯವಿದ್ದರೆ ಮುಂದಿನ ಗಾತ್ರವನ್ನು ಆರಿಸುವುದು.
* ಬ್ಯಾಟರಿಯನ್ನು ಜನರೇಟರಿನಿಂದ ಶೇ. 80ರವರೆಗೆ ತುಂಬಿಸಿ, ಉಳಿದುದನ್ನು ಬಿಸಿಲಿಗೆ ಬಿಡುವುದು ಮಿತವ್ಯಯಕರ. ಶೇ. 50ರಿಂದ 80ಕ್ಕೆ ಏರಿಸಲು ಮೇಲಿನ ಮನೆಗೆ ಮೂರರಿಂದ ಮೂರೂವರೆ ಗಂಟೆ ಸಾಕು. ಕೊನೆಯ ಶೇ. 20 ನಿಧಾನವಾಗಿ ತುಂಬುವುದರಿಂದ ಇಂಧನ ವ್ಯರ್ಥವಾಗುತ್ತದೆ. ಬಿಸಿಲು ಹಲವು ದಿನ ಬಾರದಿದ್ದರೆ ಆಗಾಗ್ಗೆ ಪೂರ್ಣ ಚಾರ್ಜ್ ಮಾಡುವುದು ಅವಶ್ಯಕ.
* ಲಿಥಿಯಂ ಬ್ಯಾಟರಿಗಳಿಗೆ ತಯಾರಕರು ಸೂಚಿಸಿದ ಚಾರ್ಜಿಂಗ್ ಪ್ರಮಾಣವನ್ನೇ ಲೆಕ್ಕಕ್ಕೆ ತೆಗೆದುಕೊಳ್ಳುವುದು.

ಎಚ್ಚರಿಕೆ

ಮಳೆಯಿಂದ ರಕ್ಷಿಸಲೆಂದು ಜನರೇಟರನ್ನು ಮನೆಯೊಳಗೆ, ಜಗುಲಿಯಲ್ಲಿ ಅಥವಾ ಮುಚ್ಚಿದ ಕೊಟ್ಟಿಗೆಯಲ್ಲಿ ನಡೆಸಲೇಬಾರದು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಾಗಲಿ ವಾಸನೆಯಾಗಲಿ ಇಲ್ಲ. ಮಲಗಿದವರು ಎಚ್ಚರಗೊಳ್ಳದೆಯೇ ಪ್ರಾಣ ಕಳೆದುಕೊಳ್ಳಬಹುದು. ಕಿಟಕಿ ಬಾಗಿಲುಗಳಿಂದ ದೂರದಲ್ಲಿ, ನಾಲ್ಕೂ ಬದಿ ತೆರೆದಿರುವ ಮಾಡಿನ ಕೆಳಗೆ ಅದನ್ನು ಸ್ಥಾಪಿಸತಕ್ಕದ್ದು.